ಉಗುರು ತೆಗೆಯಲು ಬರುತ್ತಿದ್ದ ಅಕ್ಕ

ಅಕ್ಕನ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನಮ್ಮ ಸಭೆಯ ಕಮಿಟಿಯವರು ಹೇಳಿ ಮೂರು ವಾರವಾಯಿತು. ಬೆಂಗಳೂರು ವಿಜಯನಗರದ ನಮ್ಮ ಕನ್ನಡ ಚರ್ಚಿನಿಂದ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಸಾಮಾನ್ಯ ವಿಶ್ವಾಸಿಯೂ ಮಿಷನರಿಯಾಗಬಹುದು ಎಂಬುದಕ್ಕೆ ಅಕ್ಕ ಮಾದರಿಯಂತೆ, ಓದಿದವರಿಗೆ ಪ್ರೇರಣೆ ಸಿಗಬೇಕಂತೆ. ಅಕ್ಕ ಬದುಕಿದ್ದಾಗ ಇದೇ ಕಮಿಟಿಯ ಕೋಣೆಯಲ್ಲಿ ಕೂತು ನಾವು ಅವರ ವರದಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ನಾವು ಎಂದರೆ ನಾನೂ ಸೇರಿ. ಯೇಸುವಿನ ವಿಷಯವನ್ನು ಹೊರಗಿನ ಜನಕ್ಕೆ ಮುಟ್ಟಿಸಬೇಕಾದ ಸುವಾರ್ತಾ ಸಮಿತಿಗೆ ಆಗ ನಾನೇ ಕಾರ್ಯದರ್ಶಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಧೈರ್ಯ ಸಾಲದೆ ಹೋದೀತು.

ಅಕ್ಕ ಕುಳ್ಳಗಿದ್ದರು. ದಪ್ಪ ಗಾಜಿನ ಕನ್ನಡಕ, ಅದರ ಒಂದು ಕಡ್ಡಿಗೆ ದಾರ ಸುತ್ತಿರುತ್ತಿತ್ತು. ನಾಯಂಡಹಳ್ಳಿಯ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ ಮಾಡಿ ವಯಸ್ಸು ಕಳೆದವರು. ಕೆಲಸ ಬಿಟ್ಟ ಮೇಲೂ ಸೀರೆಯಿಂದ ಆ ವಾಸನೆ ಹೋಗಲಿಲ್ಲ. ಭಾನುವಾರ ಆರಾಧನೆಗೆ ಬಂದು ಕೂತರೆ ಪಕ್ಕದ ಹೆಂಗಸರು ಮೂಗು ಮುಚ್ಚಿಕೊಳ್ಳದಿದ್ದರೂ, "ಏನಕ್ಕಾ, ದೇವಸ್ಥಾನದಿಂದ ಸೀದಾ ಬಂದ್ರಾ" ಎಂದು ಚುಚ್ಚುತ್ತಿದ್ದರು. "ಹೂಂ ಕಣೇ, ನಿನ್ ಹೆಸ್ರಲ್ಲಿ ಅರ್ಚನೆ ಮಾಡ್ಸ್ಕೊಂಡು ಬಂದೆ" ಎಂದು ಅಕ್ಕ ತಿರುಗಿ ಹೇಳುತ್ತಿದ್ದರು. ನನಗೆ ಸಂಡೇ ಸ್ಕೂಲಿನಲ್ಲಿ ಹಾಡು ಕಲಿಸಿದವರು ಅವರು. ನನ್ನ ತಲೆ ನೆರೆತ ಮೇಲೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು.

ಅವರ ಗಂಡ ಬೇಗ ಹೋದರು, ಮಕ್ಕಳಿರಲಿಲ್ಲ. ಮೂಡಲಪಾಳ್ಯದ ಒಂದು ರೂಮಿನ ಮನೆಯಲ್ಲಿ ಅತ್ತೆಯ ಜೊತೆ ಇದ್ದರು. ಅತ್ತೆಗೆ ಸಕ್ಕರೆ ಕಾಯಿಲೆ. ಅತ್ತೆಯ ಕಾಲಿನ ಉಗುರು ಬೆಳೆದು, ಮಡಚಿ, ಪಕ್ಕದ ಮಾಂಸದೊಳಗೆ ಹೊಕ್ಕಿದ್ದು ಯಾರಿಗೂ ತಿಳಿಯಲಿಲ್ಲ. ಮುದುಕರ ಕಾಲಿನ ಉಗುರನ್ನು ಯಾರು ನೋಡುತ್ತಾರೆ ಹೇಳಿ? ಊಟ ಹಾಕುತ್ತೇವೆ, ಮಾತ್ರೆ ಕೊಡುತ್ತೇವೆ, ತೀರಾ ಒಳ್ಳೆಯವರಾದರೆ ತಲೆ ಬಾಚುತ್ತೇವೆ. ಮುದುಕರಿಗೆ ಬಗ್ಗಲು ಆಗುವುದಿಲ್ಲ, ಕೇಳಲು ಸಂಕೋಚ. ಅತ್ತೆಯ ಬೆರಳು ಕೊಳೆತು, ಪಾದ ಹೋಗಿ, ಕೊನೆಗೆ ಅತ್ತೆಯೂ ಹೋದರು. ಆಸ್ಪತ್ರೆಯಲ್ಲಿ ಗಾಯ ಕಟ್ಟುತ್ತಿದ್ದ ನರ್ಸಮ್ಮ, "ಉಗುರು ಸರಿಯಾಗಿ ತೆಗ್ದಿದ್ರೆ ಕಾಲು ಉಳೀತಿತ್ತು" ಎಂದಳಂತೆ. ಅಕ್ಕ ಅಲ್ಲೇ ಆಕೆಯ ಪಕ್ಕದಲ್ಲಿ ನಿಂತು ಉಗುರು ತೆಗೆಯುವುದು ಹೇಗೆಂದು ಕಲಿತರು.

ಅಂದಿನಿಂದ ಶುರುವಾಯಿತು. ಒಂದು ಬಟ್ಟೆ ಚೀಲ, ಅದರಲ್ಲಿ ಚಿಕ್ಕ ಟಬ್ಬು, ಎರಡು ಸೈಜಿನ ನೇಲ್ ಕಟರ್, ಕೊಬ್ಬರಿ ಎಣ್ಣೆ, ಹಳೇ ಸೀರೆ ಹರಿದು ಮಾಡಿದ ಬಟ್ಟೆ ತುಂಡುಗಳು. ಯಾರ ಮನೆಯಲ್ಲಿ ಮುದುಕರು ಹಾಸಿಗೆ ಹಿಡಿದಿದ್ದಾರೆಂದು ತರಕಾರಿ ಗಾಡಿಯವರ ಹತ್ತಿರ, ಮೆಡಿಕಲ್ ಅಂಗಡಿಯವರ ಹತ್ತಿರ ಕೇಳಿಕೊಂಡು ಹೋಗುವರು. ಬಿಸಿನೀರಿನಲ್ಲಿ ಕಾಲು ನೆನೆಸಿಟ್ಟು ಕಾಲು ಗಂಟೆ ಸುಮ್ಮನೆ ಮಾತಾಡುವರು. ಮುದ್ದೆಗೆ ಏನು ಸಾರು, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ, ಇಂಥವೇ. ಆಮೇಲೆ ಉಗುರನ್ನು ನೇರಕ್ಕೆ ಕತ್ತರಿಸುವರು, ಮೂಲೆಗೆ ಕೈ ಹಾಕುವುದಿಲ್ಲ. ಬೆರಳ ಸಂದಿಯಲ್ಲಿ ಒರೆಸಿ, ಪಾದ ತಿರುಗಿಸಿ ತಿರುಗಿಸಿ ನೋಡಿ, ಎಲ್ಲಾದರೂ ಕೆಂಪಗಿದ್ದರೆ ಮನೆಯವರನ್ನು ಕರೆದು ತೋರಿಸುವರು. ತೆಗೆದ ಉಗುರನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿ ಮನೆಯ ಸೊಸೆಯ ಕೈಗೇ ಕೊಡುತ್ತಿದ್ದರು. ಉಗುರು ಹೊರಗಿನವರ ಕೈಸೇರಿದರೆ ಮಾಟ ಮಾಡಿಸುತ್ತಾರೆಂಬ ಭಯ ಕೆಲವು ಮನೆಗಳಲ್ಲಿ ಇತ್ತು, ಅಕ್ಕನಿಗೆ ಅದು ಗೊತ್ತಿತ್ತು.

ಮಂಗಳವಾರ, ಶುಕ್ರವಾರ ಅವರು ಎಲ್ಲೂ ಹೋಗುತ್ತಿರಲಿಲ್ಲ. ಹಿಂದೂ ಮನೆಗಳಲ್ಲಿ ಆ ಎರಡು ದಿನ ಉಗುರು ತೆಗೆಯುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೂ ಇಲ್ಲ. ಇದು ನಮ್ಮವರಿಗೆ ದೊಡ್ಡ ತಕರಾರಾಯಿತು. "ವಿಶ್ವಾಸಿಯಾಗಿ ವಾರ, ತಿಥಿ ನೋಡ್ತೀರಲ್ಲಾ, ಯೇಸುಗೆ ನಿಮ್ ಸಾಕ್ಷಿ ಏನಾಗ್ಬೇಕು" ಎಂದು ಅಯ್ಯನವರೇ, ಅಂದರೆ ನಮ್ಮ ಸಭಾಪಾಲಕರೇ, ಒಮ್ಮೆ ಕೇಳಿದರು. "ಅವ್ರ ಮನೆ, ಅವ್ರ ಕಾಲು, ಅವ್ರ ವಾರ ಅಯ್ಯನೋರೇ. ನಂದು ಕಟರ್ ಮಾತ್ರ" ಎಂದರು ಅಕ್ಕ. ಅಯ್ಯನವರು ಮರುವಾರದ ಪ್ರಸಂಗದಲ್ಲಿ ಲೋಕದ ಜೊತೆ ರಾಜಿ ಮಾಡಿಕೊಳ್ಳುವವರ ಬಗ್ಗೆ ಗಂಟೆಗಟ್ಟಲೆ ಹೇಳಿ ಸೇಡು ತೀರಿಸಿಕೊಂಡರು.

ಆ ವರ್ಷ ನಮ್ಮ ಸಭೆಗೆ ಸುವಾರ್ತೆಯ ಹುಮ್ಮಸ್ಸು ಬಂದಿತ್ತು. ಪ್ರತಿಯೊಬ್ಬ ವಿಶ್ವಾಸಿಯೂ ಮಿಷನರಿ, ಪಾದ್ರಿಗಳೇ ಎಲ್ಲ ಮಾಡಲಿ ಎಂದು ಬೆಂಚಿನ ಮೇಲೆ ಕೂತರೆ ಆಗುವುದಿಲ್ಲ ಎಂಬುದು ಪ್ರತಿ ಭಾನುವಾರದ ಮಾತು. ಅದು ಸುಳ್ಳು ಮಾತು ಎಂದು ಈಗಲೂ ನಾನು ಅನ್ನುವುದಿಲ್ಲ. ಆದರೆ ನಮ್ಮ ಸಮಿತಿಯ ಕೈಗೆ ಬಂದ ಕೂಡಲೇ ಅದು ಒಂದು ಫಾರಂ ಆಯಿತು. ಫಾರಂ ಮಾಡಿದವನು ನಾನು. ಭೇಟಿ ಮಾಡಿದ ಮನೆಗಳೆಷ್ಟು, ಹಂಚಿದ ಕರಪತ್ರಗಳೆಷ್ಟು, ಪ್ರಾರ್ಥನೆಗೆ ಒಪ್ಪಿದವರೆಷ್ಟು, ಯೇಸುವನ್ನು ನಂಬುವ ತೀರ್ಮಾನ ಮಾಡಿದ ಆತ್ಮಗಳೆಷ್ಟು. ಕೊನೆಗೆ 'ವಿಶೇಷ' ಎಂಬ ಒಂದು ಸಾಲು. ಎಲ್ಲರೂ ತುಂಬಿ ತಂದರು. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯೊಳಗೆ ಕರಪತ್ರ ತುರುಕಿ ಬಂದವರು ಬಸ್ಸಿನಲ್ಲಿದ್ದವರನ್ನೆಲ್ಲ ಆತ್ಮಗಳ ಲೆಕ್ಕಕ್ಕೆ ಸೇರಿಸಿದ್ದರು. ಅಕ್ಕನ ಫಾರಮಿನಲ್ಲಿ ಮೇಲಿನದೆಲ್ಲ ಖಾಲಿ. ವಿಶೇಷದ ಮುಂದೆ ದುಂಡಗಿನ ಅಕ್ಷರದಲ್ಲಿ "ಎಡಗಾಲು ಹೆಬ್ಬೆರಳು ವಾಸಿ" ಎಂದು ಬರೆದಿದ್ದರು. ಅದನ್ನು ನಾನು ಗಟ್ಟಿಯಾಗಿ ಓದಿದ್ದೇ, ಕೋಣೆಯೆಲ್ಲ ನಗು. ಖಜಾಂಚಿಗಳು ಕಣ್ಣೊರೆಸಿಕೊಂಡು, "ಹೆಬ್ಬೆರಳಿಗೆ ಯಾವಾಗ ದೀಕ್ಷಾಸ್ನಾನ ಕೇಳಿ" ಎಂದರು.

ಆ ಹೆಬ್ಬೆರಳು ಅತ್ತಿಗುಪ್ಪೆಯ ದೊಡ್ಡವ್ವನದು. ಅತ್ತಿಗುಪ್ಪೆ ಹಳ್ಳಿಯಾಗಿದ್ದಾಗಿನ ಹಳೇ ಒಕ್ಕಲು ಮನೆ ಅವರದು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ದೊಡ್ಡವ್ವನಿಗೆ ಎಂಬತ್ತರ ಮೇಲೆ. ಸಕ್ಕರೆ ಕಾಯಿಲೆ, ಪಾದಗಳಲ್ಲಿ ಸ್ಪರ್ಶವೇ ಇರಲಿಲ್ಲ. ಆಯಮ್ಮ ಮಗ ರಾಜಣ್ಣನಿಗಾಗಲೀ ಸೊಸೆಗಾಗಲೀ ಕಾಲು ಮುಟ್ಟಗೊಡುತ್ತಿರಲಿಲ್ಲ. ಡಾಕ್ಟರನ್ನಂತೂ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದರು. ಅಕ್ಕ ಹೋದರೆ ಮಾತ್ರ ತಾವೇ ಕಂಬಳಿ ಸರಿಸಿ ಕಾಲು ನೀಡುತ್ತಿದ್ದರು. ಹೀಗೆ ಐದು ವರ್ಷ, ಹದಿನೈದು ದಿನಕ್ಕೊಮ್ಮೆ. ಅಕ್ಕ ಬರುವ ದಿನ ಆ ಮನೆಯಲ್ಲಿ ಅವರಿಗೂ ಸೇರಿಸಿ ಮುದ್ದೆ ಕಟ್ಟುತ್ತಿದ್ದರು.

ಸುವಾರ್ತಾ ಭಾನುವಾರಕ್ಕೆ ಫೋಟೋಗಳು ಬೇಕಾಗಿದ್ದವು. ನಾನು ಅಕ್ಕನ ಹಿಂದೆ ಬಿದ್ದೆ. "ಬಾ ತಮ್ಮಾ, ನೋಡ್ಕೊಂಡು ಹೋಗು. ಬ್ಯಾಗ್ ಹಿಡ್ಕೊಳ್ಳೋಕೆ ಆಗ್ತೀಯ" ಎಂದು ಕರೆದುಕೊಂಡು ಹೋದರು. ದೊಡ್ಡವ್ವ ಹಜಾರದ ಮಂಚದ ಮೇಲೆ ಕೂತಿದ್ದರು. ಅಕ್ಕ ನೆಲದ ಮೇಲೆ ಕೂತು ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಅವತ್ತು ದೊಡ್ಡವ್ವನಿಗೆ ಏನನ್ನಿಸಿತೋ, "ಅಲ್ಲ ಕಣವ್ವಾ, ನಿಂಗೇನ್ ಗ್ರಾಚಾರ, ಊರೋರ್ ಕಾಲೆಲ್ಲಾ ತೊಳ್ಕಂಡ್ ತಿರ್ಗ್ತೀಯಲ್ಲ" ಎಂದರು.

"ನಮ್ ಯೇಸು ತೊಳ್ದಿದ್ದ ದೊಡ್ಡವ್ವಾ. ಜೊತೇಲಿ ಇದ್ದೋರ್ ಕಾಲೆಲ್ಲಾ ಕೂತ್ಕೊಂಡು ತೊಳ್ದ. ನಂಗೆ ಅಷ್ಟೇ ಗೊತ್ತು."

"ಒಳ್ಳೇವ್ನು ಬುಡು ನಿನ್ ದೇವ್ರು" ಎಂದು ದೊಡ್ಡವ್ವ ಅಕ್ಕನ ತಲೆ ಸವರಿದರು. ಆಮೇಲೆ ಸೊಸೆಗೆ ಕೂಗಿ, ಹುರುಳಿ ಸಾರಿಗೆ ಉಪ್ಪು ಕಮ್ಮಿ ಹಾಕು ಎಂದರು. ನಡೆದದ್ದು ಇಷ್ಟೇ.

ನಾನು ಆ ತಲೆ ಸವರುವ ಹೊತ್ತಿಗೆ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಮನೆಗೆ ಬಂದು ಅದರ ಕೆಳಗೆ ಬರೆದೆ: "ಅತ್ತಿಗುಪ್ಪೆಯ ಹಿಂದೂ ಮನೆತನದ ಹಿರಿಯ ತಾಯಿ ನಮ್ಮ ಸಹೋದರಿಯ ಸೇವೆಯಿಂದ ಕ್ರಿಸ್ತನನ್ನು ಬಾಯಾರೆ ಒಪ್ಪಿಕೊಂಡ ಕ್ಷಣ." ಬರೆಯುವಾಗ ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ, ನೋಡಿ. ನಮ್ಮ ಪರಿಭಾಷೆ ಒಳಗೆ ಅಷ್ಟು ಇಳಿದುಬಿಟ್ಟಿತ್ತು. ಅತಿಥಿಯನ್ನು ಆದರಿಸಲು ಒಬ್ಬ ಮುದುಕಿ ಆ ಅತಿಥಿಯ ದೇವರನ್ನು ಒಳ್ಳೆಯವನೆಂದರೆ, ಅದು ನಮ್ಮ ಕಿವಿಗೆ ರಕ್ಷಣೆ, ಒಂದು ಆತ್ಮ ಯೇಸುವಿನದಾದ ಹಾಗೆ. ಯಾರ ಮನೆಯಲ್ಲಾದರೂ ಒಳ್ಳೆ ಮಾತಾಡಿದರೂ ಕಷ್ಟವೇ, ನಾವು ಬರೆದುಕೊಂಡು ಹೋಗಿಬಿಡುತ್ತೇವೆ.

ಭಾನುವಾರ ಪರದೆಯ ಮೇಲೆ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದರು. ಕನ್ನಡಕ ಸರಿಮಾಡಿಕೊಂಡು ಓದಿ, ಎದ್ದು ಆರಾಧನೆ ಮುಗಿಯುವ ಮೊದಲೇ ಹೊರಗೆ ಬಂದು ನಿಂತರು. ನಾನು ಹೊಗಳಿಕೆ ಸಿಗುತ್ತದೆಂದು ಹತ್ತಿರ ಹೋದೆ. "ತಮ್ಮಾ, ಅದನ್ನ ಅಳಿಸಿಬಿಡು. ಆಯಮ್ಮ ಅಂಗೆ ಅಂದಿಲ್ಲ" ಎಂದರು. ಅಳಿಸೋಣ ಅಕ್ಕಾ ಎಂದೆ. ಅಷ್ಟರಲ್ಲಿ ಅದು ಸಭೆಯ ವಾಟ್ಸಾಪ್ ಗುಂಪಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿತ್ತು. ದೊಡ್ಡವ್ವನ ಬಾಡಿಗೆ ಮನೆಯೊಂದರಲ್ಲಿದ್ದವರು ಯಾರೋ ಅದನ್ನು ರಾಜಣ್ಣನ ಮೊಬೈಲಿಗೇ ಕಳಿಸಿದರು.

ಮೂರನೆಯ ದಿನ ಅಕ್ಕ ನನ್ನ ಮನೆಗೆ ಬಂದರು. ಅತ್ತಿಗುಪ್ಪೆಯಲ್ಲಿ ಹುಡುಗರೆಲ್ಲ ಸೇರಿದ್ದಾರೆ, ಚರ್ಚಿನ ಮೇಲೆ ಮತಾಂತರದ ಕಂಪ್ಲೇಂಟ್ ಕೊಡುತ್ತಾರಂತೆ ಎಂದರು. ಆಮೇಲೆ ಹೇಳಿದ್ದು ಇಷ್ಟು:

"ನೀನು ಒಂದ್ಸಲ ಬಾ ತಮ್ಮಾ. ಗೇಟಲ್ಲಿ ನಿಂತ್ಕೊಂಡು, ನಾನ್ ಬರ್ದಿದ್ದು, ತಪ್ಪಾಗಿ ಬರ್ದೆ, ಅಜ್ಜಿ ಏನೂ ಒಪ್ಕೊಂಡಿಲ್ಲ ಅಂತ ಹೇಳು. ರಾಜಣ್ಣ ಒಳ್ಳೇವ್ನು. ನಿನ್ನ ಬೈತಾನೆ, ಬೈಸ್ಕೋ. ನಾನೂ ಪಕ್ದಲ್ಲೇ ಇರ್ತೀನಿ. ನಾನು ಹೋಗ್ದಿದ್ರೆ ಆಯಮ್ಮ ಯಾರಿಗೂ ಕಾಲು ತೋರ್ಸಲ್ಲ."

"ಕಮಿಟಿನ ಒಂದ್ ಮಾತು ಕೇಳ್ತೀನಿ ಅಕ್ಕಾ" ಎಂದೆ.

ಕಮಿಟಿ ಕೂಡಿತು. ನೀವು ಹೋಗಿ ತಪ್ಪಾಯಿತು ಎಂದರೆ ನಾವು ಒಪ್ಪಿಕೊಂಡ ಹಾಗಾಗುತ್ತದೆ ಎಂದರು ಒಬ್ಬರು. ಕ್ರಿಸ್ತನ ಹೆಸರಿನಲ್ಲಿ ಹಾಕಿದ್ದನ್ನು ಹಿಂದೆ ತೆಗೆದುಕೊಂಡರೆ ಅವನನ್ನೇ ಬಿಟ್ಟುಕೊಟ್ಟ ಹಾಗೆ ಎಂದರು ಇನ್ನೊಬ್ಬರು. ಇದು ನಮಗೆ ಬಂದ ಹಿಂಸೆ, ಉಪವಾಸ ಪ್ರಾರ್ಥನೆ ಮಾಡೋಣ ಎಂದು ಅಯ್ಯನವರು ತೀರ್ಮಾನ ಹೇಳಿದರು. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಹೋಗದೆ ಇರುವುದಕ್ಕೆ ಇಷ್ಟು ಭಕ್ತಿಯ ಕಾರಣ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಅವತ್ತು ಉಪವಾಸ ಮಾಡಿದೆ, ಸಂಜೆ ಗಂಜಿ ಕುಡಿದೆ, ಅತ್ತಿಗುಪ್ಪೆಗೆ ಹೋಗಲಿಲ್ಲ. ನಮ್ಮ ಮನೆಯಿಂದ ಅತ್ತಿಗುಪ್ಪೆ ನಡೆದುಕೊಂಡೇ ಹೋಗುವಷ್ಟು ಹತ್ತಿರ.

ಎರಡೇ ದಿನದಲ್ಲಿ ಗಲಾಟೆ ತಣ್ಣಗಾಯಿತು. ಕಂಪ್ಲೇಂಟ್ ಕೊಡಲಿಲ್ಲ, ಯಾರೂ ಚರ್ಚಿನ ಹತ್ತಿರ ಬರಲಿಲ್ಲ. ದೇವರು ನಮ್ಮ ಪ್ರಾರ್ಥನೆ ಕೇಳಿದನೆಂದು ಮುಂದಿನ ಭಾನುವಾರ ಸ್ತೋತ್ರ ಕೂಟ ಇಟ್ಟುಕೊಂಡೆವು, ಕೇಸರಿಬಾತು ಹಂಚಿದೆವು. ಅಕ್ಕ ತಿನ್ನಲಿಲ್ಲ. ದೊಡ್ಡವ್ವನ ಮನೆಯಲ್ಲಿ ಏನಂದರು ಎಂದು ಕೇಳಿದೆ. "ಬರ್ಬೇಡಿ ಅಂದ್ರು" ಎಂದರು. ನಾನು ಹೆಚ್ಚು ಕೆದಕಲಿಲ್ಲ. ಕೆದಕಿದರೆ ನನ್ನ ಮೇಲೇ ಬರುತ್ತದೆಂದು ಗೊತ್ತಿತ್ತಲ್ಲ.

ಆ ಫೋಟೋ ಮಹಾಲಕ್ಷ್ಮಿ ಲೇಔಟಿನ ತನಕ ಹೋಗಿತ್ತು. ಮಿಕ್ಕ ಮನೆಗಳೂ ಒಂದೊಂದೇ ಮುಚ್ಚಿಕೊಂಡವು. ಯಾರೂ ಜಗಳವಾಡಲಿಲ್ಲ. ಅಜ್ಜಿ ಮಲಗಿದ್ದಾರೆ, ತಾತ ಊರಿಗೆ ಹೋಗಿದ್ದಾರೆ, ಮುಂದಿನ ವಾರ ನೋಡೋಣ ಆಂಟಿ, ಇಷ್ಟೇ. ಅಕ್ಕ ಅವರಲ್ಲಿ ಯಾರ ಮೇಲೂ ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ. "ನನ್ ಮನೇಲೂ ಒಬ್ರು ಮುದ್ಕಿ ಇದ್ದಿದ್ರೆ ನಾನೂ ಭಯ ಬೀಳ್ತಿದ್ದೆ" ಎನ್ನುತ್ತಿದ್ದರು. ಸಭೆಯೊಳಗಿನ ಮುದುಕರ ಕಾಲು ನೋಡಬಹುದಲ್ಲ ಎಂದು ನಮ್ಮ ಹೆಂಗಸರು ಹೇಳಿದರು. ಅಕ್ಕ ಅದನ್ನೂ ಮಾಡಿದರು. ಆದರೆ ನಮ್ಮವರು ಕಾಲು ಕೊಟ್ಟು ಕೂತು ಅವರಿಗೆ ಆತ್ಮಭಾರ, ಅಂದರೆ ಜನರನ್ನು ಯೇಸುವಿನ ಕಡೆ ತರುವ ತವಕ, ಸಾಲದೆಂದು ಉಪದೇಶ ಮಾಡುತ್ತಿದ್ದರು.

ಸುಮಾರು ಎಂಟು ತಿಂಗಳಾಗಿರಬೇಕು. ಆರಾಧನೆ ಮುಗಿಸಿ ಹೊರಗೆ ಬರುವಾಗ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದರು. "ತಮ್ಮಾ, ದೊಡ್ಡವ್ವನ ಕಾಲು ತೆಗೆದ್ರಂತೆ. ತರಕಾರಿಯೋನು ಹೇಳ್ದ" ಎಂದರು. ಮತ್ತೆ ಹದಿನೈದು ದಿನಕ್ಕೆ ದೊಡ್ಡವ್ವ ತೀರಿಕೊಂಡ ಸುದ್ದಿಯನ್ನೂ ಅವರೇ ಹೇಳಿದರು. ಎರಡು ಸಲವೂ ಒಂದು ಮಾತು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ತಲೆ ಬಗ್ಗಿಸಿಕೊಂಡು, ದೇವರ ಚಿತ್ತ ಅಕ್ಕಾ ಎಂದೆ. ಅಷ್ಟು ಹೊತ್ತಿಗೂ ನನ್ನ ಬಾಯಿಗೆ ಬಂದದ್ದು ಆ ಮಾತೇ. ಅಕ್ಕ ನನ್ನ ತೋಳು ಬಿಟ್ಟು, ಚೀಲ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಈ ವರ್ಷ ಅಕ್ಕ ಹೋದರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಸ್ಮಾರಕ ಕೂಟದಲ್ಲಿ ಅಯ್ಯನವರು ಅವರನ್ನು ನಮ್ಮ ಸಭೆಯ ಮಹಾ ಮಿಷನರಿ ಎಂದು ಕರೆದರು. ಹೆಬ್ಬೆರಳಿನ ಜೋಕು ಮಾಡಿದ್ದ ಖಜಾಂಚಿಗಳು ಅಕ್ಕನ ಬಗ್ಗೆ ಸಾಕ್ಷಿ ಹೇಳುತ್ತಾ ಮತ್ತೆ ಕಣ್ಣೊರೆಸಿಕೊಂಡರು. ಅದಾದ ಮೇಲೆ ಸಂಚಿಕೆಯ ಮಾತು ಬಂತು, ಬರೆಯುವುದು ನನ್ನ ಪಾಲಿಗೆ ಬಂತು. ಮೊನ್ನೆ ಕಮಿಟಿಯವರಲ್ಲೊಬ್ಬರು ಫೋನ್ ಮಾಡಿ, "ಬ್ರದರ್, ಆ ಅಜ್ಜಿ ಆಶೀರ್ವಾದ ಮಾಡ್ತಿರೋ ಫೋಟೋ ಇತ್ತಲ್ಲ, ಅದನ್ನೇ ಕಳ್ಸಿ. ತುಂಬಾ ಪವರ್‌ಫುಲ್ ಆಗಿದೆ" ಎಂದರು. ಫೋನ್ ಇಟ್ಟವನು ಚಪ್ಪಲಿ ಮೆಟ್ಟಿಕೊಂಡು ಅತ್ತಿಗುಪ್ಪೆಗೆ ಹೊರಟೆ. ಎರಡು ವರ್ಷ ಹೋಗದವನಿಗೆ ಅವತ್ತು ಹೇಗೆ ಕಾಲು ಬಂತೋ ತಿಳಿಯದು.

ಇನ್ನೂ ಬೆಳಕಿತ್ತು. ರಾಜಣ್ಣ ಗೇಟಿನ ಒಳಗೆ ಗಿಡಗಳಿಗೆ ನೀರು ಬಿಡುತ್ತಿದ್ದರು. "ಯಾರು ಬೇಕಿತ್ತು ಸಾರ್" ಎಂದರು. ನಾನು ಹೊರಗೇ ನಿಂತು, ಅಕ್ಕ ಹೇಳಿಕೊಟ್ಟಿದ್ದ ಹಾಗೆಯೇ ಹೇಳಿದೆ. ಆ ಫೋಟೋ ತೆಗೆದವನು ನಾನು, ಕೆಳಗೆ ಬರೆದವನೂ ನಾನೇ, ನಿಮ್ಮ ತಾಯಿ ಏನೂ ಒಪ್ಪಿಕೊಂಡಿರಲಿಲ್ಲ, ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದೆ.

ರಾಜಣ್ಣ ಪೈಪನ್ನು ಕೆಳಗೆ ಹಾಕಿದರು. "ಏನ್ ಸಾರ್ ಹೇಳ್ತಾ ಇದೀರ? ಆಂಟಿ ನಾನೇ ಬರೆಸ್ದೆ ಅಂದ್ರಲ್ಲ."

ಯಾವಾಗ ಅಂದರು ಎಂದು ಕೇಳಿದೆ.

"ಸ್ಟೇಷನ್‌ಗೆ ಹೊರಟು ನಿಂತಿದ್ವಿ. ಆಂಟಿ ಒಬ್ರೇ ಬಂದ್ರು, ಈಗ ನೀವ್ ನಿಂತಿದೀರಲ್ಲ, ಅಲ್ಲೇ. ಚರ್ಚಿನೋರ್ದು ಏನೂ ತಪ್ಪಿಲ್ಲ, ನಾನೇ ಫೋಟೋ ತೆಗೆಸ್ದೆ, ನಾನೇ ಬರೆಸ್ದೆ, ಹೆಸ್ರು ಬರ್ಲಿ ಅಂತ ಆಸೆ ಬಿತ್ತು ಅಂದ್ರು. ನಮ್ಗೆ ಹೊಟ್ಟೆ ಉರ್ದೋಯ್ತು ಸಾರ್. ಮನೆ ಮಗಳ ಥರ ಇಟ್ಕೊಂಡಿದ್ವಿ. ಕಂಪ್ಲೇಂಟ್ ಕೊಡಲ್ಲ, ಆದ್ರೆ ಈ ಹೊಸ್ಲು ತುಳೀಬೇಡಿ ಅಂದೆ. ಆಯ್ತಪ್ಪಾ ಅಂದ್ಬಿಟ್ಟು ಹೊರಟೋದ್ರು."

ಮಾತು ಕೇಳಿಸಿಕೊಂಡು ಅವರ ಹೆಂಡತಿ ಹೊರಗೆ ಬಂದಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಾ ನಿಂತಿದ್ದವರು, "ಅತ್ತೆ ಕೊನೇವರ್ಗೂ ಅವ್ರನ್ನೇ ಕೇಳ್ತಿದ್ರು" ಎಂದರು. "ಬೆರಳು ಕಪ್ಪಾದಾಗ್ಲೂ ನಮ್ಗೆ ತೋರಿಸ್ಲಿಲ್ಲ. ಆಯಮ್ಮ ಬರ್ಲಿ, ಅವ್ಳಿಗೇ ತೋರಿಸ್ತೀನಿ ಅಂತ ಕಂಬ್ಳಿ ಮುಚ್ಕೊಂಡೇ ಇದ್ರು. ವಾಸ್ನೆ ಬಂದ್ಮೇಲೇ ನಮ್ಗೆ ಗೊತ್ತಾಗಿದ್ದು. ಅವತ್ತು ನೀವು ಬಂದು ಒಂದ್ ಮಾತು ಹೇಳಿದ್ರೆ ನಾವೇ ಹೋಗಿ ಆಂಟಿನ ಕರ್ಕೊಂಡ್ ಬರ್ತಿದ್ವಲ್ಲ ಸಾರ್."

ಅವತ್ತೇ ನಾನು ಬಂದಿದ್ದರೆ ಕಂಪ್ಲೇಂಟ್ ನನ್ನ ಮೇಲೆ ಬೀಳುತ್ತಿತ್ತು, ದೊಡ್ಡವ್ವನ ಕಾಲು ಉಳಿಯುತ್ತಿತ್ತು. ಅದಕ್ಕಿಂತ ಬೇರೆ ಏನೂ ಆಗುತ್ತಿರಲಿಲ್ಲ. ಅಕ್ಕ ಎರಡು ದಿನ ನನಗಾಗಿ ಕಾದು, ಆಮೇಲೆ ಒಬ್ಬರೇ ಹೋಗಿ ಇದನ್ನು ಮುಗಿಸಿ ಬಂದಿದ್ದರು. ನಾವು ಅದಕ್ಕೆ ಕೇಸರಿಬಾತು ಹಂಚಿದ್ದೆವು.

ರಾಜಣ್ಣ ಗೇಟು ತೆಗೆದರು. ಒಳಗೆ ಬನ್ನಿ ಎನ್ನಲಿಲ್ಲ. "ಆಗಿದ್ದಾಯ್ತು. ನಾಳೆ ಸಂಜೆ ಆಂಟಿನ ಕರ್ಕೊಂಡ್ ಬನ್ನಿ ಸಾರ್. ನಾವೇ ಬರ್ಬೇಕಿತ್ತು, ಮನೆ ಗೊತ್ತಿಲ್ಲ. ನಾನು ಕ್ಷಮೆ ಕೇಳ್ಬೇಕು" ಎಂದರು. ಅವರ ಹೆಂಡತಿ, "ಊಟಕ್ಕೇ ಕರ್ಕೊಂಡ್ ಬನ್ನಿ" ಎಂದರು.

ಅಕ್ಕ ತೀರಿಕೊಂಡ ದಿನ ಬೆಂಗಳೂರಿನ ಕನ್ನಡ ಸಭೆಗಳ ಎಲ್ಲ ಗುಂಪುಗಳಿಗೂ ಸುದ್ದಿ ಹಾಕಿದವನು ನಾನೇ. ಈ ಮನೆಗೂ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಈಗ ಗೇಟಿನಲ್ಲಿ ನಿಂತು ಹೇಳಿದೆ.

ರಾಜಣ್ಣನ ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕೂತರು. ರಾಜಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡರು. ಆಕೆ ತಲೆಯೆತ್ತಿ ನನ್ನನ್ನು ಕೇಳಿದರು: "ಮಣ್ಣಿಗಾದ್ರೂ ನಮ್ಗೊಂದ್ ಮಾತು ಹೇಳ್ಬಾರ್ದಿತ್ತಾ ಸಾರ್?"